ಹಿಮೋಗ್ಲೋಬಿನ್ ನೋಡಿ ನಂಬಬೇಡ ಮಗಳೇ

ಚಿರಂಜೀವಿ ಮೇಘನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಭಾನುವಾರ ರಾತ್ರಿ ನಿನ್ನ ಆಸ್ಪತ್ರೆಗೆ ಬಂದ ಅಜ್ಜನೊಬ್ಬರ ವಿಷಯಕ್ಕೆ ನೀನು ಫೋನ್ ಮಾಡಿದಾಗ ಅವಸರದಲ್ಲಿ ‘ಬೆಳಗಾಗೋವರೆಗೆ ಕಾಯಬೇಡ, ಜಿಲ್ಲಾಸ್ಪತ್ರೆಗೆ ಕಳಿಸು’ ಅಂದುಬಿಟ್ಟೆ. ಯಾಕೆ ಅಂತ ಹೇಳಲಿಲ್ಲ. ಕಪ್ಪು ಮಲ ಅಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು ಅಂತ ನಿನಗೂ ಗೊತ್ತು. ‘ಹಿಮೋಗ್ಲೋಬಿನ್ 11.2 ಇದೆಯಲ್ಲ ದೊಡ್ಡಪ್ಪ, ಎರಡೇ ಸಲ ಮಲ ಕಪ್ಪಗೆ ಹೋಗಿರೋದು, ಅಷ್ಟು ಅವಸರ ಯಾಕೆ?’ ಅಂತ ನೀನು ಕೇಳಿದ್ದು ನ್ಯಾಯವಾಗೇ ಇತ್ತು. ಕೆಲಸಕ್ಕೆ ಸೇರಿದ ಮೂರನೇ ವರ್ಷ ನನ್ನ ಮನಸ್ಸಿನಲ್ಲೂ ಇದೇ ಲೆಕ್ಕ ಇತ್ತು. ಅದರಿಂದ ಒಂದು ಜೀವ ಹೋಯಿತು. ಅದಕ್ಕೇ ಈ ಕಾಗದ.

ಆಗ ನಾನಿದ್ದದ್ದು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ಐವತ್ತು ದಾಟಿದ ರೈತರೊಬ್ಬರು ಸಂಜೆ ನಡೆದುಕೊಂಡೇ ಬಂದರು. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ್ದರು. ಬೆಳಿಗ್ಗೆಯಿಂದ ಮಲ ಡಾಂಬರಿನ ಹಾಗೆ. ಪಲ್ಸ್ 82, ಬಿಪಿ 110, ಹಿಮೋಗ್ಲೋಬಿನ್ 12. ಇಂಜೆಕ್ಷನ್ ಕೊಟ್ಟು ‘ಮಲಗಿ, ಬೆಳಿಗ್ಗೆ ನೋಡೋಣ’ ಅಂದೆ. ರಾತ್ರಿ ಮೂರರ ಹೊತ್ತಿಗೆ ಪಾಯಖಾನೆಯಲ್ಲಿ ಬಿದ್ದರು. ಜೀಪಿನಲ್ಲಿ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ತೀರಿಕೊಂಡರು. ಮರುದಿನ ಅವರ ಹೆಂಡತಿ ಮಾತ್ರೆಯ ಚೀಲ ತಂದು ತೋರಿಸಿದರು. ಅದರಲ್ಲಿ ಬಿಪಿಗೆ ಕೊಡುವ ಅಟೆನೊಲಾಲ್ ಇತ್ತು. ರಕ್ತ ಸೋರಿದರೂ ಪಲ್ಸ್ ಏರದ ಹಾಗೆ ತಡೆದಿದ್ದು ಅದೇ ಮಾತ್ರೆ. ಚೀಲ ತೋರಿಸಿ ಅಂತ ನಾನು ಕೇಳಲೇ ಇಲ್ಲ. ಆ ತಾಯಿಯ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಹಿಮೋಗ್ಲೋಬಿನ್ ಯಾಕೆ ಮೋಸ ಮಾಡುತ್ತದೆ ಗೊತ್ತಾ? ಗಡಿಗೆಯಲ್ಲಿ ಗಟ್ಟಿ ಮಜ್ಜಿಗೆ ಇದೆ ಅಂದುಕೋ. ಅರ್ಧ ಚೆಲ್ಲಿಹೋದರೂ ಉಳಿದದ್ದು ಅಷ್ಟೇ ಗಟ್ಟಿ. ನೀರು ಬೆರೆತ ಮೇಲೇ ತೆಳುವಾಗೋದು. ಮೈಯೊಳಗೆ ಆ ನೀರು ರಕ್ತನಾಳಕ್ಕೆ ಇಳಿದು ಬರೋಕೆ ಗಂಟೆಗಳೇ ಬೇಕು, ಪೂರ್ತಿ ಸರಿಹೊಂದೋಕೆ ಒಂದು ದಿನಕ್ಕಿಂತ ಜಾಸ್ತಿ ಬೇಕಾಗಬಹುದು. ಮೊದಲ ರಿಪೋರ್ಟ್ ಚೆನ್ನಾಗಿದೆ ಅಂದರೆ ರಕ್ತ ಹೋಗಿಲ್ಲ ಅಂತಲ್ಲ.

ಹಾಗಾದರೆ ಏನು ನೋಡಬೇಕು? ಮೊದಲು ಕೈ ಮುಟ್ಟು. ಅಂಗೈ ತಣ್ಣಗಿದೆಯಾ, ಬೆವರಿದೆಯಾ, ಮಾತು ಸರಿಯಾಗಿದೆಯಾ? ಪಲ್ಸ್ ನೀನೇ ಎಣಿಸು. ಪಲ್ಸ್ ಸಂಖ್ಯೆ ಮೇಲಿನ ಬಿಪಿಯನ್ನು ದಾಟಿದರೆ ಗಂಡಾಂತರ. ಮಲಗಿದಾಗ ಬಿಪಿ ಚೆನ್ನಾಗಿದ್ದರೆ ಮಾತ್ರ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ನಿಧಾನಕ್ಕೆ ಎಬ್ಬಿಸಿ ನೋಡು. ಪಲ್ಸ್ 30 ಏರಿದರೆ, ಅಥವಾ ತಲೆಸುತ್ತಿ ನಿಲ್ಲೋಕೇ ಆಗದಿದ್ದರೆ, ಬಹಳ ರಕ್ತ ಹೋಗಿದೆ. ಬಿಪಿ ಆಗಲೇ ಕಡಿಮೆ ಇದ್ದರೆ ದಯವಿಟ್ಟು ಎಬ್ಬಿಸಬೇಡ. ವಯಸ್ಸಿನವರ ದೇಹ ತುಂಬಾ ಹೊತ್ತು ತಡೆದುಕೊಂಡು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೇ ಒಂದು ಸಲ ನೋಡಿ ಬಿಡಬೇಡ. ಹದಿನೈದು ನಿಮಿಷಕ್ಕೊಮ್ಮೆ ನೋಡಿ ಬರೆದಿಡು.

ರಕ್ತ ಕಾರಿದರು ಅಂತ ಬಂದವರ ಬಾಯಿ ತೆರೆಸಿ ನೋಡು. ನಮ್ಮ ಕಡೆ ಎಲೆ-ಅಡಿಕೆಯ ಕೆಂಪೂ ರಕ್ತದ ಹಾಗೇ ಕಾಣುತ್ತದೆ. ಕಬ್ಬಿಣದ ಮಾತ್ರೆ ತಿನ್ನುವವರ ಮಲವೂ ಕಪ್ಪಗೇ ಇರುತ್ತದೆ, ಆದರೆ ಅದು ಅಂಟುವುದಿಲ್ಲ, ಆ ಕೆಟ್ಟ ವಾಸನೆಯೂ ಇರುವುದಿಲ್ಲ. ಗ್ಲೌಸ್ ಹಾಕಿ ನೀನೇ ಪರೀಕ್ಷೆ ಮಾಡು, ಬೇರೆಯವರ ಮಾತಿನ ಮೇಲೆ ಬರೆಯಬೇಡ.

ಈಗ ನಿಮ್ಮ ಕೈಗೆ ಒಂದು ಒಳ್ಳೆಯ ಅಳತೆಗೋಲು ಸಿಕ್ಕಿದೆ. ಹೊಟ್ಟೆಯೊಳಗಿನ ರಕ್ತಸ್ರಾವ ಎಷ್ಟು ಅಪಾಯದ್ದು ಅಂತ ಅಳೆಯುವ, 2000ರಲ್ಲಿ ಬಂದ ಗ್ಲಾಸ್ಗೋ-ಬ್ಲಾಚ್‌ಫೋರ್ಡ್ ಸ್ಕೋರ್. ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಇಲ್ಲದ ಜಾಗದಲ್ಲೂ ಲೆಕ್ಕ ಹಾಕಬಹುದು, ಅದಕ್ಕೇ ನನಗೆ ಇಷ್ಟ. ಒಟ್ಟು 23 ಅಂಕ. 0 ಅಥವಾ 1 ಬಂದರೆ ಮನೆಗೆ ಕಳಿಸಿ, ಹೊರರೋಗಿಯಾಗಿ ಎಂಡೋಸ್ಕೋಪಿ ಮಾಡಿಸಬಹುದು. ನೀನು ಫೋನಿನಲ್ಲಿ ಹೇಳಿದ ಆ ಅಜ್ಜನಿಗೇ ಹಾಕಿ ನೋಡೋಣ. ಗಂಡಸಿಗೆ ಹಿಮೋಗ್ಲೋಬಿನ್ 10ರಿಂದ 12ರ ಒಳಗಿದ್ದರೆ 3 ಅಂಕ. ಕಪ್ಪು ಮಲಕ್ಕೆ 1. ಬಿಪಿ 108 ಅಂದೆಯಲ್ಲ, ಅದಕ್ಕೆ 1. ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದರಂತೆ, ಅದಕ್ಕೆ 2. ಯೂರಿಯಾ 64ಕ್ಕೆ 4. ಪಲ್ಸ್ 96 ಇದ್ದದ್ದರಿಂದ ಅಲ್ಲಿ ಸೊನ್ನೆ, 100 ಮುಟ್ಟಿದ್ದರೆ ಇನ್ನೊಂದು. ಕೂಡಿಸು, 11 ಆಯಿತು. ನಿನಗೆ ಸಣ್ಣದಾಗಿ ಕಂಡ ಕೇಸು ಇದೇ ಅಲ್ವಾ?

ಇಲ್ಲೊಂದು ಎಚ್ಚರಿಕೆ. ನಮ್ಮ ಲ್ಯಾಬ್‌ಗಳು ಬಹಳ ಕಡೆ ಬ್ಲಡ್ ಯೂರಿಯಾ ಬರೆಯುತ್ತವೆ. ಸ್ಕೋರ್ ಹಾಕುವ ಆಪ್ ಕೇಳೋದು ಎಷ್ಟೋ ಸಲ ಬಿಯುಎನ್, ಅಂದರೆ ಆ ಯೂರಿಯಾದಲ್ಲಿರುವ ನೈಟ್ರೋಜನ್ ಅಷ್ಟೇ. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್ ಸಿಗುತ್ತದೆ. ಭಾಗಿಸದೆ ಹಾಗೇ ತುಂಬಿದರೆ ಯೂರಿಯಾ 40 ಇರುವವರಿಗೆ 2ರ ಬದಲು 4 ಅಂಕ ಬೀಳುತ್ತದೆ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಸರಿಯಿದ್ದು ಯೂರಿಯಾ ಮಾತ್ರ ಏರಿದ್ದರೆ ಕರುಳಿನಲ್ಲಿ ರಕ್ತ ಜೀರ್ಣವಾಗುತ್ತಿದೆ ಅಂತ ಅನುಮಾನ ಬರಲಿ.

ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಲಿವರ್ ಕೆಟ್ಟು, ಅನ್ನನಾಳದ ಉಬ್ಬಿದ ರಕ್ತನಾಳ ಒಡೆದಿರಬಹುದು. ಅಲ್ಲಿ ಎಂಡೋಸ್ಕೋಪಿಗೆ ಕಾಯದೆ ಆ ನಾಳಗಳ ಒತ್ತಡ ಇಳಿಸುವ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್, ಜೊತೆಗೆ ಆಂಟಿಬಯಾಟಿಕ್ ಸೆಫ್ಟ್ರಿಯಾಕ್ಸೋನ್ ಒಂದು ಗ್ರಾಂ ಶುರು ಮಾಡು. ಕುಡಿತದ ವಿಷಯ ಹೆಂಡತಿ ಮಕ್ಕಳ ಎದುರು ಕೇಳಬೇಡ. ಒಬ್ಬರೇ ಇದ್ದಾಗ ಮೆತ್ತಗೆ ಕೇಳು, ನಿಜ ಹೇಳುತ್ತಾರೆ. ವಾರ್ಡಿನಲ್ಲಿ ಯಾರಾದರೂ ‘ಕುಡುಕನ ಕೇಸು’ ಅಂದರೆ ತಡೆ. ಹಾಗೆ ಕರೆದ ರೋಗಿಯ ಹತ್ತಿರ ಆಮೇಲೆ ಯಾರೂ ಬೇಗ ಹೋಗುವುದಿಲ್ಲ, ನಾನು ಕಂಡಿದ್ದೇನೆ.

ರಕ್ತ ಕೊಡುವ ವಿಷಯದಲ್ಲಿ ನಾವು ಹಳಬರು ತಪ್ಪು ಮಾಡುತ್ತಿದ್ದೆವು. ಹಿಮೋಗ್ಲೋಬಿನ್ 10 ಆಗೋವರೆಗೂ ಬಾಟಲಿ ಮೇಲೆ ಬಾಟಲಿ ಏರಿಸುತ್ತಿದ್ದೆವು. 2013ರಲ್ಲಿ ಬಾರ್ಸಿಲೋನಾದವರು 921 ರೋಗಿಗಳಲ್ಲಿ ಹೋಲಿಸಿ ನೋಡಿದರು. 7ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಪಡೆದವರಲ್ಲಿ ಆರು ವಾರದ ನಂತರ 95% ಜನ ಬದುಕಿದ್ದರು, 9ಕ್ಕೇ ಪಡೆದವರಲ್ಲಿ 91%. ಆದರೆ ಧಾರಾಕಾರ ರಕ್ತ ಹೋಗುತ್ತಿರುವವರನ್ನು ಅದರಲ್ಲಿ ಸೇರಿಸಿರಲಿಲ್ಲ. ಅಂಥವರಿಗೆ 7ರ ಲೆಕ್ಕ ಹಿಡಿದು ಕೂರಬೇಡ. ಹೃದಯದ ಕಾಯಿಲೆ ಇದ್ದರೂ ಸ್ವಲ್ಪ ಮೊದಲೇ ಕೊಡಬೇಕು. ರಕ್ತ ನಿಲ್ಲಲಿ ಅಂತ ಟ್ರಾನೆಕ್ಸಾಮಿಕ್ ಆಸಿಡ್ ಹಾಕುವ ಅಭ್ಯಾಸ ನಿನಗೆ ಬೇಡ. 2020ರಲ್ಲಿ 12 ಸಾವಿರ ರೋಗಿಗಳಲ್ಲಿ ನೋಡಿದಾಗ ಸಾವು ಕಡಿಮೆಯಾಗಲಿಲ್ಲ. ಕಾಲಿನ, ಶ್ವಾಸಕೋಶದ ನಾಳಗಳಲ್ಲಿ ಹೆಪ್ಪುಗಟ್ಟುವುದು ಮಾತ್ರ ಜಾಸ್ತಿಯಾಯಿತು.

ಎಂಡೋಸ್ಕೋಪಿ 24 ಗಂಟೆಯೊಳಗೆ ಆಗಬೇಕು. ಹಾಗಂತ ಬಿಪಿ 80 ಇರುವವರನ್ನು ಹಾಗೇ 108 ಆಂಬುಲೆನ್ಸ್‌ಗೆ ಹತ್ತಿಸಬೇಡ. ಎರಡೂ ಕೈಗೆ ಡ್ರಿಪ್ ಕೊಡುವ ದಪ್ಪ ಕ್ಯಾನುಲಾ ಹಾಕು, ಹಸಿರು ಅಥವಾ ಬೂದು ಬಣ್ಣದ್ದು. ಗುಂಪು ನೋಡೋಕೆ ರಕ್ತ ತೆಗೆದಿಡು. ಡ್ರಿಪ್ ಓಡಲಿ. ಆ ಕಡೆಯ ಡಾಕ್ಟರಿಗೆ ನೀನೇ ಫೋನ್ ಮಾಡಿ ಪಲ್ಸ್, ಬಿಪಿ, ಸ್ಕೋರ್, ನುಂಗುತ್ತಿದ್ದ ಮಾತ್ರೆಗಳ ಹೆಸರು ಹೇಳು. ಮಾತ್ರೆಯ ಚೀಲವನ್ನೂ ಜೊತೆಗೇ ಕಳಿಸು.

ಆ ಅಜ್ಜನಿಗೆ ಎಂಡೋಸ್ಕೋಪಿಯಲ್ಲಿ ಏನು ಸಿಕ್ಕಿತು ಅಂತ ವಿಚಾರಿಸಿ ನನಗೆ ಹೇಳು. ಅವರು ಬಿಪಿಗೆ ಯಾವ ಮಾತ್ರೆ ತಗೊಳ್ಳುತ್ತಿದ್ದರು ಅಂತಲೂ ಕೇಳು. ನಿನ್ನ ದೊಡ್ಡಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಶನಿವಾರ ಬರುವ ಬಸ್ಸಿನಲ್ಲಿ ಕಳಿಸುತ್ತೇನೆ. ನೈಟ್ ಡ್ಯೂಟಿ ಇದ್ದ ದಿನ ಊಟ ಬಿಡಬೇಡ.

ಇಂತಿ,
ನಿನ್ನ ದೊಡ್ಡಪ್ಪ