ಮಂಚದ ಅಡಿಗೆ ಬಗ್ಗಿ ನೋಡು

ಸಾಗರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಕಳಿಸಿದ ಫೋಟೋ ನೋಡಿದೆ. ಮಂಚ, ವಾರ್ಡ್‌ರೋಬ್, ಟೇಬಲ್ ಸೇರಿ 22,000 ರೂಪಾಯಿ, ಇವತ್ತೇ ಬುಕ್ ಮಾಡಲಾ ಅಂತ ಕೇಳಿದ್ದೀಯ. ಎರಡು ದಿನ ತಡಿ ಮಾರಾಯ್ತಿ.

‘ಇಂಜಿನಿಯರ್ಡ್ ವುಡ್’ ಅಂತ ಬರೆದಿದ್ದಾರಲ್ಲ, ಅದು ಯಾವುದು ಅಂತ ಮೊದಲು ಕೇಳು. ಪ್ಲೈವುಡ್‌ಗೂ ಅದೇ ಹೆಸರು, ಪಾರ್ಟಿಕಲ್ ಬೋರ್ಡ್‌ಗೂ ಅದೇ ಹೆಸರು. ಪ್ಲೈವುಡ್ ಅಂದರೆ ಮರದ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಡ್ಡ-ಉದ್ದ ಅಂಟಿಸಿದ್ದು. ಒಳ್ಳೆಯದಾದರೆ ಬಾಳಿಕೆ ಬರುತ್ತದೆ. ಪಾರ್ಟಿಕಲ್ ಬೋರ್ಡ್ ಮರದ ಚೂರಿಗೆ ಅಂಟು ಕಲಸಿ ಒತ್ತಿದ್ದು, ಮೇಲೆ ತೇಗದ ಬಣ್ಣದ ಹಾಳೆ. ನಿನ್ನ ದೊಡ್ಡಪ್ಪ ಆಫರ್‌ನಲ್ಲಿ ಅಂಥದ್ದೊಂದು ಕಪಾಟು ತಂದಿದ್ದರು. ಒಂದೇ ಮಳೆಗಾಲ! ಕೆಳಗಿನ ಹಲಗೆ ನೆನೆದ ಅವಲಕ್ಕಿ ಹಾಗೆ ಉಬ್ಬಿತು. ಬೇಸಿಗೆ ಬಂದರೂ ಇಳಿಯಲಿಲ್ಲ.

ನಿನಗೆ ಮಳೆಗಿಂತ ಬಾಡಿಗೆ ಮನೆಯದ್ದೇ ಕಾಟ ಜಾಸ್ತಿ. ಮೂರು ವರ್ಷದಲ್ಲಿ ಎರಡು ಮನೆ ಬದಲಿಸಿದವಳು ನೀನು. ಆ ಬೋರ್ಡಿನಲ್ಲಿ ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿಗೆ ಮತ್ತೆ ಬಿಗಿಯಾಗಿ ಕೂರುವುದಿಲ್ಲ, ಪುಡಿ ಉದುರುತ್ತದೆ.

ಹಾಗಂತ ಎಲ್ಲವೂ ತೇಗದ್ದೇ ಆಗಲಿ ಅನ್ನುವುದಿಲ್ಲ. ವಾರ್ಡ್‌ರೋಬ್ ಮನೆ ಗೋಡೆಯಲ್ಲೇ ಇದೆ ಅಂದೆಯಲ್ಲ, ಇನ್ನೊಂದು ಯಾಕೆ? ಟೇಬಲ್ ಮಡಚುವಂಥದ್ದು ಸಾಕು. ಮಂಚ ಮಾತ್ರ ಗಟ್ಟಿ ಮರದ್ದಿರಲಿ. ಅಂಗಡಿಗೆ ಹೋದರೆ ನಾಚಿಕೆ ಬಿಟ್ಟು ಅಡಿಗೆ ಬಗ್ಗಿ ನೋಡು. ಮೇಲೆ ಪಾಲಿಶ್ ಎಲ್ಲವನ್ನೂ ಮುಚ್ಚುತ್ತದೆ, ಅಡಿಯಲ್ಲಿ ಬಣ್ಣ ಹಚ್ಚುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಬಿಳಿ ಪಟ್ಟೆ ಕಂಡರೆ ಅದು ಕೆಚ್ಚಲ್ಲ, ಅಂದರೆ ಮರದ ಒಳಗಿನ ಗಟ್ಟಿ ಭಾಗ ಅಲ್ಲ, ಹೊರಗಿನ ಎಳೆ ಮರ. ತೇಗವೇ ಆದರೂ ಹುಳ ಮೊದಲು ಬೀಳುವುದು ಅಲ್ಲಿಗೇ.

ನಮ್ಮ ಅಜ್ಜನ ಹಲಸಿನ ಮಂಚ ನೆನಪಿದೆ ಅಲ್ವಾ? ಮಾಡಿಸಿದಾಗ ಅರಿಶಿನದ ಬಣ್ಣ ಇತ್ತಂತೆ, ಈಗ ಜೋನಿಬೆಲ್ಲದ ಬಣ್ಣ. ನಿನ್ನಮ್ಮನ ಬಾಣಂತನ ಅದರ ಮೇಲೇ ಆಗಿದ್ದು. ಹೋದ ವರ್ಷ ಒಂದು ಕಾಲು ಅಲುಗುತ್ತಿತ್ತು. ಆಚಾರಿ ಬಂದು ಒಂದು ಬೆಣೆ ಹೊಡೆದು, ಚಾ ಕುಡಿದು ಹೋದ. ಅಷ್ಟೇ ರಿಪೇರಿ.

ಅಟ್ಟದ ಮೇಲೆ ಹಲಸಿನ ಹಲಗೆ ನಾಲ್ಕೈದು ಸುಮ್ನೆ ಬಿದ್ದಿವೆ, ಚೆನ್ನಾಗಿ ಒಣಗಿವೆ. ದೀಪಾವಳಿ ಕಳೆದ ಮೇಲೆ ಆಚಾರಿಗೆ ಬಿಡುವಂತೆ. ಅಲ್ಲಿವರೆಗೆ ನೆಲದ ಮೇಲೆ ಹಾಸಿಗೆ ಹಾಕಿಕೋ. ರೂಮಿನ ಅಳತೆ ಕಳಿಸು. ಮೆಟ್ಟಿಲಿನ ತಿರುವಿನದ್ದೂ ಬೇಕು, ಮರೆಯಬೇಡ.

ನಿನ್ನ ದೊಡ್ಡಮ್ಮ