ಮಾರುವಾಗ ಕನ್ನಡ, ಬಿಡಿಸಿಕೊಳ್ಳುವಾಗ ಇಂಗ್ಲಿಷ್

ಮಾನ್ಯರೇ,

ಶಿಡ್ಲಘಟ್ಟದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಹಾಕುತ್ತೇನೆ. ಊರು ರೇಷ್ಮೆಗೂಡಿಗೆ ಹೆಸರಾದದ್ದು, ಆದರೂ ನಾನು ಬಣ್ಣದ ದಾರ, ಮಣಿ, ಲೇಸ್ ಎಲ್ಲ ತರಿಸುವುದು ಆನ್‌ಲೈನ್‌ನಲ್ಲೇ. ತರಿಸಿದ ಕಡೆಯಿಂದೆಲ್ಲ ಇಮೇಲ್ ಶುರು. ಒಂದು ಡಬ್ಬಿ ಸೂಜಿ ಕೊಂಡರೂ ಸಾಕು, ಬೆನ್ನು ಬಿಡುವುದಿಲ್ಲ. ಜೊತೆಗೆ ಸಾಲ ಬೇಕಾ ಅಂತ ಕೇಳುವವರು ಬೇರೆ. ಇವುಗಳ ನಡುವೆ ಮಗಳ ಕಾಲೇಜು ಫೀಸಿನ ರಸೀದಿ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಹಾಗಂತ ಎಲ್ಲವೂ ಬೇಡ ಅಂತಲ್ಲ. ಮಣಿ ಮಾರುವ ಒಂದು ಅಂಗಡಿಯವರು ಕಳಿಸುವ ಫೋಟೊಗಳನ್ನು ನಾನು ಬಿಡದೆ ನೋಡುತ್ತೇನೆ. ಕ್ರೋಶಾ ಕುಚ್ಚಿಗೆ ಮುತ್ತು ಹೇಗೆ ಪೋಣಿಸಿದ್ದಾರೆ, ಹಸಿರು ಅಂಚಿಗೆ ಯಾವ ಬಣ್ಣ ಕೂಡಿಸಿದ್ದಾರೆ ಅಂತ ದೊಡ್ಡದು ಮಾಡಿ ನೋಡುತ್ತೇನೆ. ಮದುವೆ ಸೀರೆ ತಂದವರಿಗೆ ಅದನ್ನೇ ತೋರಿಸಿ ಆರ್ಡರ್ ಹಿಡಿದದ್ದೂ ಉಂಟು. ಅವರಿಂದ ಕೊಂಡದ್ದು ಕಡಿಮೆ, ಕಲಿತದ್ದೇ ಜಾಸ್ತಿ. ನಿಲ್ಲಿಸಲು ಮನಸ್ಸು ಬರುವುದಿಲ್ಲ. ಆದರೆ ದಿನಕ್ಕೆ ಎರಡೆರಡು ಯಾಕೆ?

ಬಾಗಿಲಿಗೆ ಬಂದ ಬಳೆಗಾರನಿಗೆ 'ಈಗ ಬೇಡಪ್ಪ, ಹಬ್ಬಕ್ಕೆ ಬಾ' ಅನ್ನಬಹುದು. ಅವನೂ ಬೇಜಾರಿಲ್ಲದೆ ಹಬ್ಬಕ್ಕೆ ಬರುತ್ತಾನೆ. ಇಮೇಲಿನವರಿಗೆ ಈ ಮಾತು ಹೇಳಲು ಬಹಳ ಕಡೆ ದಾರಿಯೇ ಇಲ್ಲ. ದಿನಾ ಬರಬೇಕು, ಇಲ್ಲವಾದರೆ ಬರಲೇಬಾರದು.

ಒಂದು ಸೀರೆ ಕಂಪನಿಯದನ್ನು ನಿಲ್ಲಿಸಲು ಹೊರಟೆ. 'ಅಕ್ಕ, ವರಮಹಾಲಕ್ಷ್ಮಿ ಹಬ್ಬಕ್ಕೆ ನಿಮಗಾಗಿ ವಿಶೇಷ ರಿಯಾಯಿತಿ' ಅಂತ ಮೇಲೆಲ್ಲ ಅಂದವಾದ ಕನ್ನಡ. ಅಕ್ಕ ಅಂತೆ! ನಿಲ್ಲಿಸುವ ಲಿಂಕ್ ಮಾತ್ರ ತೀರಾ ಕೆಳಗೆ, ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಒತ್ತಿದರೆ ಲಾಗಿನ್ ಆಗಿ ಅಂದಿತು. ಪಾಸ್‌ವರ್ಡ್ ಯಾರಿಗೆ ನೆನಪಿರುತ್ತದೆ? ಅದೂ ಆದ ಮೇಲೆ ಅಳುತ್ತಿರುವ ನಾಯಿಮರಿಯ ಚಿತ್ರ, ಕೆಳಗೆ ಎರಡು ಬಟನ್. 'ಇರುತ್ತೇನೆ' ಅನ್ನುವುದು ಗುಲಾಬಿ ಬಣ್ಣದಲ್ಲಿ ದಪ್ಪಗೆ. 'ಬೇಡ' ಅನ್ನುವುದು ಕಂಡೂ ಕಾಣದ ಹಾಗೆ. ಅವೂ ಇಂಗ್ಲಿಷೇ. ನಮ್ಮ ಅಂಗಡಿಗೆ ಬರುವ ಎಷ್ಟೋ ಹೆಂಗಸರು ಕನ್ನಡ ಸರಾಗವಾಗಿ ಓದುತ್ತಾರೆ. ಇಂಥದ್ದು ಬಂದಾಗ ಫೋನನ್ನು ನನ್ನ ಕೈಗೆ ಕೊಟ್ಟು 'ನೀವೇ ನೋಡ್ರೀ' ಅನ್ನುತ್ತಾರೆ.

1909 ನಂಬರಿಗೆ ಫೋನ್ ಮಾಡಿ ಹೇಳಿದರೆ ಜಾಹೀರಾತಿನ ಕರೆ, ಎಸ್ಸೆಮ್ಮೆಸ್ ನಿಲ್ಲಿಸಬಹುದು. ಇಮೇಲ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಜಿಮೇಲ್‌ನವರು 2024ರಿಂದ, ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಒಂದೇ ಒತ್ತಿಗೆ ಜಾಹೀರಾತು ನಿಲ್ಲುವ ವ್ಯವಸ್ಥೆ ಇಡಬೇಕು ಅಂತ ಮಾಡಿದ್ದಾರೆ. ಹಾಗಾಗಿ ಕಳಿಸಿದವರ ಹೆಸರಿನ ಹತ್ತಿರವೇ ಆ ಬಟನ್ ಸಿಗುತ್ತದೆ, ಕೆಳಗಿನ ತನಕ ಹುಡುಕಬೇಕಿಲ್ಲ. ಗುರುತೇ ಇಲ್ಲದವರ ಮೇಲ್ ಆದರೆ ಒಳಗಿನ ಯಾವ ಲಿಂಕನ್ನೂ ಮುಟ್ಟಬೇಡಿ. ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತದೆ. ಸ್ಪ್ಯಾಮ್‌ಗೆ ಹಾಕಿಬಿಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ಒಳ್ಳೆಯ ಮಾತುಗಳಿವೆ. ನಮ್ಮ ಒಪ್ಪಿಗೆ ಕೇಳುವಾಗ, ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಅದನ್ನು ಓದುವ ಅವಕಾಶ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವ ಹಾಗೂ ಇರಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ, ಕಂಪನಿಗಳಿಗೆ 18 ತಿಂಗಳ ಕಾಲಾವಕಾಶವೂ ಇದೆ. ಹೇಗೂ ಎಲ್ಲ ಬದಲಾಯಿಸಬೇಕಲ್ವಾ? 'ಬೇಡ' ಅನ್ನುವ ಬಟನ್ ಕನ್ನಡದಲ್ಲೂ ಇರಲಿ. ಅದರ ಪಕ್ಕ 'ವಾರಕ್ಕೊಂದು ಸಾಕು', 'ಹಬ್ಬಕ್ಕೆ ಮಾತ್ರ' ಅಂತ ಇನ್ನೆರಡು ಬರಲಿ. ಮಣಿ ಅಂಗಡಿಯವರಿಗೆ ನಾನು ವಾರಕ್ಕೊಂದು ಅಂತ ಒತ್ತುತ್ತೇನೆ. ಸೀರೆಯವರು ಹಬ್ಬಕ್ಕೆ ಬರಲಿ. ಸಾಲದವರು ಹಬ್ಬಕ್ಕೂ ಬೇಡ.

– ಒಬ್ಬ ಓದುಗಿ, ಶಿಡ್ಲಘಟ್ಟ