ಕೇಸು ಕೂಗಿದಾಗ ನಮ್ಮ ಪರವಾಗಿ ಯಾರೂ ಇರಲಿಲ್ಲ

ಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ವಕೀಲ ಸೇವೆಯ ಕಂಪನಿ,
ಬೆಂಗಳೂರು.

ಇಂದ,
ನಿಮ್ಮ ಗ್ರಾಹಕಿ,
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ.

ವಿಷಯ: ನನ್ನ ತಮ್ಮನ ಜಾಮೀನಿಗೆಂದು ಕಟ್ಟಿಸಿಕೊಂಡ 45,000 ರೂಪಾಯಿಯನ್ನು ವಾಪಸು ಕೊಡುವ ಬಗ್ಗೆ.

ಮಾನ್ಯರೇ,

ನಾನು ನಿಮ್ಮ ಆ್ಯಪಿನಲ್ಲಿ ಬರೆದ ದೂರನ್ನು ‘ಸೇವೆ ಪೂರ್ಣಗೊಂಡಿದೆ’ ಎಂಬ ಒಂದು ಸಾಲು ಹಾಕಿ ಮುಚ್ಚಿದ್ದೀರಿ. ಯಾವ ಸೇವೆ, ಯಾವ ಕೋರ್ಟಿನಲ್ಲಿ, ಯಾವತ್ತು ಪೂರ್ಣಗೊಂಡಿತು ಎಂದು ಅದರಲ್ಲಿಲ್ಲ. ಅದಕ್ಕೇ ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು, ಓದಿದ್ದು ಪಿಯುಸಿವರೆಗೆ. ಈ ಪತ್ರದಲ್ಲಿರುವ ಕಾನೂನಿನ ಮಾತುಗಳನ್ನೆಲ್ಲ ಈ ಎರಡು ತಿಂಗಳಲ್ಲಿ ಕೋರ್ಟಿನ ವರಾಂಡದಲ್ಲಿ ಕಾಯುತ್ತಾ ಕಲಿತೆ.

ಆಗಿದ್ದು ಇಷ್ಟು. ತೋಟದ ಬದುವಿನ ವಿಚಾರಕ್ಕೆ ಪಕ್ಕದವರಿಗೂ ನನ್ನ ತಮ್ಮನಿಗೂ ಜಗಳವಾಯಿತು. ಅವರ ತಲೆಗೆ ಪೆಟ್ಟಾಯಿತು, ಇವನ ಕೈಗೂ ಆಯಿತು. ಶನಿವಾರ ಸಂಜೆ ಪೊಲೀಸರು ತಮ್ಮನನ್ನು ಬಂಧಿಸಿದರು. ಹಾಕಿದ ಕಲಮುಗಳಲ್ಲಿ ದೊಡ್ಡದು ಭಾರತೀಯ ನ್ಯಾಯ ಸಂಹಿತೆಯ 109, ಅಂದರೆ ಕೊಲೆಗೆ ಯತ್ನ. 2024ರ ಜುಲೈ 1ಕ್ಕೆ ಮುಂಚೆ ಐಪಿಸಿ 307 ಎಂದು ಎಲ್ಲರೂ ಹೇಳುತ್ತಿದ್ದದ್ದೇ ಇದು. ಗಾಯವಾಗಿದ್ದರೆ ಜೀವಾವಧಿವರೆಗೂ ಶಿಕ್ಷೆ ಕೊಡಬಹುದಾದ ಆರೋಪ. ಪೆಟ್ಟು ತಿಂದವರೂ ನಮ್ಮೂರಿನವರೇ, ಅವರ ಮನೆಯ ಮದುವೆಗೆ ನಾನು ಬ್ಲೌಸ್ ಹೊಲಿದುಕೊಟ್ಟಿದ್ದೇನೆ. ನನ್ನ ತಮ್ಮ ತಪ್ಪು ಮಾಡಿದ್ದರೆ ಕೋರ್ಟು ಹೇಳಲಿ. ಆದರೆ ಅವನ ಮಾತನ್ನು ಕೋರ್ಟಿನ ಮುಂದೆ ಇಡುವುದಕ್ಕೆ ಒಬ್ಬರು ಬೇಕಿತ್ತು. ಅದಕ್ಕಾಗಿಯೇ ನಿಮಗೆ ದುಡ್ಡು ಕೊಟ್ಟೆ.

ಅವತ್ತು ರಾತ್ರಿ ಹತ್ತು ಗಂಟೆಯ ಮೇಲೆ ಮೊಬೈಲಿನಲ್ಲಿ ಹುಡುಕುವಾಗ ನಿಮ್ಮ ಜಾಹೀರಾತು ಸಿಕ್ಕಿತು. ‘ಗಂಭೀರ ಪ್ರಕರಣವೇ? ಹಿರಿಯ ಕ್ರಿಮಿನಲ್ ವಕೀಲರು, ಕರ್ನಾಟಕದ ಯಾವುದೇ ಕೋರ್ಟು, ಜಾಮೀನು ಖಚಿತ’ ಎಂದಿತ್ತು. ಫೋನ್ ತೆಗೆದ ಹುಡುಗಿ ಒಳ್ಳೆಯ ಕನ್ನಡದಲ್ಲಿ, “ಅಕ್ಕಾ, ಗಾಬರಿಯಾಗಬೇಡಿ, ನಾಳೆ ನಮ್ಮ ವಕೀಲರು ನಿಮ್ಮ ತಮ್ಮನ ಪಕ್ಕದಲ್ಲಿ ನಿಂತಿರುತ್ತಾರೆ” ಎಂದಳು. ಆ ವಾರವಷ್ಟೇ ಕಾಳುಮೆಣಸು ಮಾರಿದ ದುಡ್ಡು ಖಾತೆಯಲ್ಲಿತ್ತು. 20,000 ರೂಪಾಯಿ ಕಳಿಸಿದೆ. ಠಾಣೆಗೆ ಹೋಗಿ, “ವಕೀಲರನ್ನು ಇಟ್ಟಿದ್ದೇನೆ, ಹೆದರಬೇಡ” ಎಂದು ತಮ್ಮನಿಗೆ ಹೇಳಿಬಂದೆ.

ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಭಾನುವಾರ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ವಕೀಲರು ಇದ್ದಾರೆಯೇ, ಇಲ್ಲದಿದ್ದರೆ ಸರ್ಕಾರದ ಕಡೆಯಿಂದ ಉಚಿತವಾಗಿ ಕೊಡುತ್ತೇವೆ ಎಂದು ಅವರು ಕೇಳಿದರು. “ಬೇಡ ಸ್ವಾಮಿ, ನಮ್ಮಕ್ಕ ಬೆಂಗಳೂರಿನಿಂದ ಕರೆಸಿದ್ದಾರೆ” ಎಂದ ನನ್ನ ತಮ್ಮ. ನಿಮ್ಮವರು ಯಾರೂ ಬರಲಿಲ್ಲ. ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರು, ಹಾಸನದ ಜೈಲಿಗೆ ಕರೆದುಕೊಂಡು ಹೋದರು. ನೀವು ಆ ಒಂದು ಭರವಸೆ ಕೊಡದೇ ಇದ್ದಿದ್ದರೆ ಅವನು ಹೂಂ ಎನ್ನುತ್ತಿದ್ದ, ಮೊದಲ ದಿನವೇ ಅವನಿಗೊಬ್ಬ ವಕೀಲರು ಸಿಗುತ್ತಿದ್ದರು. ನನಗೆ ಇವತ್ತಿಗೂ ನಿದ್ದೆ ಕೆಡಿಸುವುದು ಕಳೆದುಕೊಂಡ ದುಡ್ಡಿಗಿಂತ ಹೆಚ್ಚಾಗಿ ಇದೇ.

ಐದನೇ ದಿನ ನಿಮ್ಮ ಕಡೆಯ ಒಬ್ಬ ಕಿರಿಯ ವಕೀಲರು ಬೇಲೂರಿನ ಕೋರ್ಟಿನಲ್ಲಿ ಜಾಮೀನು ಅರ್ಜಿ ಹಾಕಿದರು. ಎಂಟನೇ ದಿನ ಅದು ವಜಾ ಆಯಿತು. ಜೀವಾವಧಿ ಶಿಕ್ಷೆಯಾಗಬಹುದಾದ ಆರೋಪದಲ್ಲಿ ಜಾಮೀನು ಕೊಡಲು ಮ್ಯಾಜಿಸ್ಟ್ರೇಟರ ಕೈ ಬಹುಮಟ್ಟಿಗೆ ಕಟ್ಟಿರುತ್ತದೆ, ಸೆಷನ್ಸ್ ಕೋರ್ಟಿಗೇ ಹೋಗಬೇಕಾಗುತ್ತದೆ ಎಂದು ಆಮೇಲೆ ತಿಳಿಯಿತು. ದಿನಾ ಇದೇ ಕೆಲಸ ಮಾಡುವ ನಿಮಗೆ ಅದು ಗೊತ್ತಿರಲಿಲ್ಲವೇ? ಒಂಬತ್ತನೇ ದಿನ ನಿಮ್ಮ ಫೋನ್ ಬಂತು: ಮೊದಲಿನ ಪ್ಯಾಕೇಜು ಕೆಳಗಿನ ಕೋರ್ಟಿಗೆ ಮಾತ್ರ, ಸೆಷನ್ಸಿಗೆ ಇನ್ನೂ 25,000. ಅಮ್ಮ ಕೊರಳಿನ ಸರ ಬಿಚ್ಚಿಕೊಟ್ಟರು, ಸೊಸೈಟಿಯಲ್ಲಿ ಅಡವಿಟ್ಟು ಕಟ್ಟಿದೆ.

ಹನ್ನೆರಡನೇ ದಿನ ಹಾಸನದಲ್ಲಿ ಅರ್ಜಿ ಬಿತ್ತು. ಸರ್ಕಾರಿ ವಕೀಲರ ತಕರಾರಿಗೆ ಸಮಯ ಕೊಟ್ಟು ಹದಿನೇಳನೇ ದಿನಕ್ಕೆ ಇಟ್ಟರು. ಅಮ್ಮನನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೆ ಹೋದೆ, ನಮ್ಮಲ್ಲಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಕೇಸು ಕೂಗಿದರು. ಯಾರೂ ಏಳಲಿಲ್ಲ. ಮತ್ತೊಮ್ಮೆ ಕೂಗಿದರು. ವಾಯಿದೆ ಬಿತ್ತು. ಹೊರಗೆ ಬಂದು ಫೋನ್ ಮಾಡಿದರೆ, ವಕೀಲರು ಟ್ರಾಫಿಕ್ಕಿನಲ್ಲಿ ಸಿಕ್ಕಿದ್ದಾರೆ ಎಂದಿರಿ.

ಇಪ್ಪತ್ತೆರಡನೇ ದಿನವೂ ಅದೇ ಕಥೆ. ಈ ಸಲ ಕೂಗಿದಾಗ ನನಗೆ ತಡೆಯಲಾಗಲಿಲ್ಲ, ಹಿಂದಿನ ಬೆಂಚಿನಿಂದ ಎದ್ದು ನಿಂತು ಕೈಮುಗಿದೆ. ಕಾಲು ನಡುಗುತ್ತಿತ್ತು. ಯಾರಮ್ಮಾ ನೀವು ಎಂದು ನ್ಯಾಯಾಧೀಶರು ಕೇಳಿದರು. ಅಕ್ಕ ಅಂದೆ, ವಕೀಲರಿಗೆ ದುಡ್ಡು ಕಟ್ಟಿದ್ದೇವೆ, ಬಂದಿಲ್ಲ ಅಂದೆ. ಅವರು ಬೈಯಲಿಲ್ಲ. ಇದೇ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಹೋಗಿ ಕೇಳಿ ಎಂದರು.

ಬಂಧನದಲ್ಲಿರುವ ಯಾರಿಗೇ ಆದರೂ, ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಉಚಿತ ವಕೀಲರು ಸಿಗುತ್ತಾರಂತೆ. 15100ಕ್ಕೆ ಫೋನ್ ಮಾಡಿ ಕೇಳಿದರೂ ಸಾಕಂತೆ. ಶನಿವಾರ ರಾತ್ರಿ ನಾನು ಒತ್ತಬೇಕಾಗಿದ್ದ ನಂಬರು ಅದು.

ಅಲ್ಲಿ ಕೊಟ್ಟ ವಕೀಲರು ಮರುದಿನವೇ ಜೈಲಿಗೆ ಹೋಗಿ ತಮ್ಮನನ್ನು ಕಂಡರು. ನಿಮ್ಮವರು ಇಪ್ಪತ್ತೆರಡು ದಿನಗಳಲ್ಲಿ ಒಂದು ಸಲವೂ ಅವನ ಮುಖ ನೋಡಿರಲಿಲ್ಲ. ವಕಾಲತ್ತಿಗೆ ಸಹಿಯನ್ನೂ ಜೈಲಿನ ಮೂಲಕ ತರಿಸಿಕೊಂಡಿದ್ದಿರಿ. ಹೊಸ ವಕೀಲರು ಅವನಿಗೆ ಕೈ ತೋರಿಸು ಎಂದರಂತೆ. ಜಗಳದ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡಿದ್ದ, ಅದರ ಚೀಟಿ ನಮ್ಮ ಮನೆಯ ಕಪಾಟಿನಲ್ಲೇ ಇತ್ತು. ಮೊದಲು ಹೊಡೆದವರು ಯಾರು, ಗಾಯಾಳು ಆಸ್ಪತ್ರೆಯಿಂದ ಮನೆಗೆ ಬಂದರೇ, ಗಾಯದ ಸರ್ಟಿಫಿಕೇಟಿನಲ್ಲಿ ಏನಿದೆ, ಹಳೆಯ ಕೇಸು ಏನಾದರೂ ಇದೆಯೇ, ಒಂದೊಂದನ್ನೂ ಕೇಳಿ ಬರೆದುಕೊಂಡರು. ನಿಮ್ಮ ಅರ್ಜಿಯಲ್ಲಿ ಇವನ ಕೈಗಾದ ಗಾಯದ ಸುದ್ದಿಯೇ ಇರಲಿಲ್ಲ. ನಾಲ್ಕನೇ ಪ್ಯಾರಾದಲ್ಲಿ ನಮಗೆ ಸಂಬಂಧವೇ ಇಲ್ಲದ ಬೇರೊಂದು ಊರಿನ ಹೆಸರಿತ್ತು. ಇನ್ಯಾರದೋ ಅರ್ಜಿಯನ್ನು ತಿದ್ದಿ ನಮಗೆ ಕೊಟ್ಟಿದ್ದೀರಿ ಎಂದು ನನಗೂ ಗೊತ್ತಾಯಿತು.

ಇಷ್ಟಾದ ಮೇಲೂ ಬಿಡಲಿಲ್ಲ ನೀವು. ಹೊಸ ವಕೀಲರು ವಕಾಲತ್ತು ಹಾಕಲು ಹಳಬರ ಒಪ್ಪಿಗೆ ಕೇಳಿದರೆ, ‘ಸೀನಿಯರ್ ಹಾಜರಿ’ಯ ಬಾಬ್ತು 40,000 ಬಾಕಿ ಇದೆ, ಕಟ್ಟಿದರೆ ಎನ್‌ಒಸಿ ಮತ್ತು ಕಾಗದಪತ್ರ ಎಂದಿರಿ. ಯಾವ ಸೀನಿಯರು, ಯಾವತ್ತು ಹಾಜರಾದರು? ಫೀಸು ಬಾಕಿ ಎಂದು ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ವಕೀಲರಿಗೇ ಇಲ್ಲದ ಹಕ್ಕು ನಡುವೆ ನಿಂತ ನಿಮಗೆ ಎಲ್ಲಿಂದ ಬಂತು? ಇದರಲ್ಲೇ ಐದು ದಿನ ಹೋಯಿತು. ಆ ಐದು ದಿನವೂ ಅವನು ಜೈಲಿನಲ್ಲೇ ಇದ್ದ.

ಮೂವತ್ಮೂರನೇ ದಿನ ಜಾಮೀನಾಯಿತು. ಇಬ್ಬರು ಶ್ಯೂರಿಟಿ, ಪ್ರತಿ ಭಾನುವಾರ ಠಾಣೆಯಲ್ಲಿ ಸಹಿ, ಸಾಕ್ಷಿಗಳ ತಂಟೆಗೆ ಹೋಗಬಾರದು ಎಂಬ ಷರತ್ತು. ಮಾವನೂ ಪಕ್ಕದ ಊರಿನ ಒಬ್ಬರೂ ಪಹಣಿ ತಂದು ನಿಂತರು. ಆ ವಕೀಲರು ನಮ್ಮಿಂದ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ.

ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದು ನಿಮ್ಮ ಕಸ್ಟಮರ್ ಕೇರಿನವರು ನನಗೆ ಪಾಠ ಹೇಳಿದರು. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹಾಗೆ ಹೇಳಿರುವುದು ನಿಜ. ಆದರೆ ಅದು ವಕೀಲರ ಬಗ್ಗೆ ಕೊಟ್ಟ ತೀರ್ಪು. ನೀವು ವಕೀಲರಲ್ಲ. ಆ್ಯಪು ಇಟ್ಟು, ಪ್ಯಾಕೇಜು ಮಾಡಿ, ಜಿಎಸ್‌ಟಿ ಹಾಕಿ ರಸೀದಿ ಕೊಟ್ಟ ಕಂಪನಿ. ಕೆಲಸ ಹುಡುಕಿಕೊಳ್ಳಲು ಜಾಹೀರಾತು ಕೊಡಬಾರದು ಎಂದು ವಕೀಲರಿಗೆ ಬಾರ್ ಕೌನ್ಸಿಲ್‌ನ ನಿಯಮವೇ ಇದೆ, ಅವರ ಪರವಾಗಿ ನೀವು ‘ಜಾಮೀನು ಖಚಿತ’ ಎಂದು ಮಾರುತ್ತಿದ್ದೀರಿ. ಜಾಮೀನು ಕೊಡುವುದು ನ್ಯಾಯಾಧೀಶರು. ಅದನ್ನು ಖಚಿತ ಎಂದು ಯಾರೂ ಮಾರುವ ಹಾಗಿಲ್ಲ.

ನನ್ನ 45,000 ರೂಪಾಯಿ ಪೂರ್ತಿ ವಾಪಸು ಬೇಕು. 40,000 ಬಾಕಿ ಎಂದು ಈಗಲೂ ಬರುತ್ತಿರುವ ಮೆಸೇಜುಗಳು ನಿಲ್ಲಬೇಕು. ತಮ್ಮನ ಆಧಾರ್, ಎಫ್‌ಐಆರ್ ಪ್ರತಿ, ನಮ್ಮ ಮನೆಯ ಪಹಣಿ ನಿಮ್ಮಲ್ಲಿವೆ; ಅವನ್ನು ಅಳಿಸಿ ಹಾಕಿದ್ದೇವೆ ಎಂದು ಬರೆದುಕೊಡಬೇಕು. ಆ ಎರಡು ದಿನ ಹಾಸನಕ್ಕೆ ಬರಬೇಕಾಗಿದ್ದ ವಕೀಲರ ಹೆಸರು ಮತ್ತು ನೋಂದಣಿ ಸಂಖ್ಯೆ ತಿಳಿಸಬೇಕು. ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡುವುದಿದೆ. ‘ಜಾಮೀನು ಖಚಿತ’ ಎಂಬ ಜಾಹೀರಾತನ್ನು ಇವತ್ತೇ ತೆಗೆಯಿರಿ. ಈ ರಾತ್ರಿಯೂ ಯಾವುದೋ ಊರಿನಲ್ಲಿ ಯಾರೋ ಒಬ್ಬ ಅಕ್ಕ ಅದನ್ನು ನೋಡುತ್ತಿರುತ್ತಾಳೆ.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಒಂದು ತಿಂಗಳು ಕಾಯುತ್ತೇನೆ. ಆಮೇಲೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ನಾನಿರುವ ಜಿಲ್ಲೆಯಲ್ಲೇ ಹಾಕಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ರಸೀದಿಗಳು, ಎರಡೂ ದಿನದ ಕೋರ್ಟಿನ ನಡಾವಳಿ ಪ್ರತಿ, ನಿಮ್ಮ ಎರಡೂ ಅರ್ಜಿಗಳ ನಕಲು ಮತ್ತು ಮೆಸೇಜುಗಳ ಪ್ರಿಂಟ್ ಈ ಪತ್ರದ ಜೊತೆಗಿವೆ. ಮೂಲಪ್ರತಿಗಳು ನನ್ನ ಬಳಿ ಇವೆ.

ಇತಿ,
ನಿಮ್ಮ ಗ್ರಾಹಕಿ,
ಬೇಲೂರು ತಾಲ್ಲೂಕು